ಕುದುರೆ ಮೈಸೂರಿನದು, ಲೆಕ್ಕ ಭಾಗಮಂಡಲದ್ದು

ರೇಸಿನಲ್ಲಿ ಗೆದ್ದ ಕುದುರೆಗೆ ಸಿಗುವ ಬಹುಮಾನ ಸೀಸ. ಬೆಳ್ಳಿ ಕಪ್, ಹೂಗುಚ್ಛ, ಫೋಟೋ ಎಲ್ಲವೂ ಮಾಲೀಕರ ಪಾಲು. ಕುದುರೆಗೆ ಮಾತ್ರ ಮುಂದಿನ ಓಟದಲ್ಲಿ ಜೀನಿನಡಿ ಇನ್ನೊಂದಿಷ್ಟು ಕಿಲೋ ಭಾರ. ಸೋತ ಕುದುರೆಯ ಭಾರ ಇಳಿಯುತ್ತದೆ, ಗೆದ್ದದ್ದರ ಭಾರ ಏರುತ್ತದೆ. ಚೆನ್ನಾಗಿ ಪಾಠ ಹೇಳುವ ಮೇಷ್ಟ್ರ ಹೆಗಲಿಗೇ ಜನಗಣತಿ, ಚುನಾವಣೆ, ಶಾಲಾ ವಾರ್ಷಿಕೋತ್ಸವಗಳೆಲ್ಲ ಬೀಳುವ ಹಾಗೆ. ಈ ಭಾರ ಹಂಚುವ ಕೆಲಸಕ್ಕೆಂದೇ ಪ್ರತಿ ರೇಸ್ ಕ್ಲಬ್ಬಿನಲ್ಲೂ ಒಬ್ಬ ಅಧಿಕಾರಿ ಇರುತ್ತಾನೆ. ಅವನೇ ಹ್ಯಾಂಡಿಕ್ಯಾಪರ್.

ಅವನದು ವಿಚಿತ್ರ ಉದ್ಯೋಗ. ಎಲ್ಲ ಕುದುರೆಗಳೂ ಒಟ್ಟಿಗೇ ಗೆರೆ ಮುಟ್ಟಬೇಕು ಎಂಬುದು ಅವನ ಆಸೆ. ಹತ್ತು ಕುದುರೆಗಳ ಹತ್ತು ಮೂಗು ಒಂದೇ ಸಾಲಿನಲ್ಲಿ ಬಂದರೆ ಅವನ ಜನ್ಮ ಸಾರ್ಥಕ. ಹಾಗೆ ಎಂದೂ ಆಗುವುದಿಲ್ಲ ಎಂಬ ನಂಬಿಕೆಯ ಮೇಲೆ ಉಳಿದವರ ಉತ್ಸಾಹವೆಲ್ಲ ನಿಂತಿದೆ. ನಮ್ಮ ದೇಶದ ಲೆಕ್ಕದಲ್ಲಿ, ಕುದುರೆಯ ಸಾಮರ್ಥ್ಯಕ್ಕೆ ಅವನು ಕೊಡುವ ರೇಟಿಂಗಿನ ಒಂದು ಅಂಕಕ್ಕೆ ಅರ್ಧ ಕಿಲೋ. 60 ಅಂಕದ ಕುದುರೆ 60 ಕಿಲೋ ಹೊತ್ತರೆ, ಅದೇ ಓಟದ 50 ಅಂಕದ ಕುದುರೆಗೆ 55 ಕಿಲೋ. ಜಾಕಿಯ ತೂಕ, ಜೀನು ಎಲ್ಲ ಸೇರಿಯೂ ಭಾರ ಸಾಲದೆ ಹೋದರೆ ಸೀಸದ ತುಂಡು ಸೇರಿಸುತ್ತಾರೆ. ವಯಸ್ಸು, ದೂರ, ತಿಂಗಳು ನೋಡಿ ಭಾರ ನಿಗದಿ ಮಾಡುವ ಕೋಷ್ಟಕವನ್ನು 19ನೆಯ ಶತಮಾನದ ನಡುವೆ ಇಂಗ್ಲೆಂಡಿನಲ್ಲಿ ನೆಲೆಗೆ ತಂದವನು ಹೆನ್ರಿ ಜಾನ್ ರೌಸ್. ವೃತ್ತಿಯಲ್ಲಿ ನೌಕಾಪಡೆಯ ಅಡ್ಮಿರಲ್. ಹಡಗಿಗೆ ಭಾರ ತುಂಬಿಸಿ ಅಭ್ಯಾಸವಿದ್ದವನು ಕುದುರೆಗೂ ತುಂಬಿಸಿದ ಎನ್ನಬಹುದು.

ಕೊಡಗಿನ ಭಾಗಮಂಡಲದಲ್ಲಿ ಒಬ್ಬರು ನಿವೃತ್ತ ಗಣಿತದ ಮೇಷ್ಟ್ರಿದ್ದಾರೆ. ಹೆಸರು ಬರೆದರೆ ಅವರ ಮನೆಯಲ್ಲಿ ಗಲಾಟೆಯಾದೀತು, ಮೇಷ್ಟ್ರು ಎಂದೇ ಇರಲಿ. ಮೈಸೂರಿನ ರೇಸ್‌ಕೋರ್ಸ್ ಅವರ ಮನೆಯಿಂದ ನೂರೈವತ್ತು ಕಿಲೋಮೀಟರಿಗೂ ದೂರ, ಚಾಮುಂಡಿ ಬೆಟ್ಟದ ಬುಡದಲ್ಲಿ. ಬೆಂಗಳೂರಿನದು ಇನ್ನೂ ಆಚೆ. ಆದರೆ ರೇಸಿನ ಹಿಂದಿನ ಸಂಜೆ ಕಾರ್ಡು, ಅಂದರೆ ಮರುದಿನ ಓಡುವ ಕುದುರೆಗಳ ವಿವರಪಟ್ಟಿ, ಅವರ ಮೊಬೈಲಿಗೆ ಬಂದು ಬೀಳುತ್ತದೆ, ಟವರ್ ಸಿಕ್ಕಿದರೆ. ಹೊರಗೆ ಭಾಗಂಡೇಶ್ವರನ ತಾಮ್ರದ ಮಾಡಿನ ಮೇಲೆ, ಸಂಗಮದ ಮೇಲೆ, ಕಾಫಿ ಗಿಡಗಳ ಮೇಲೆ ಒಂದೇ ಸಮನೆ ಮಳೆ. ಒಳಗೆ ಮೇಷ್ಟ್ರು ಹಳೆಯ ಹಾಜರಿ ಪುಸ್ತಕವೊಂದರಲ್ಲಿ ಗೆರೆ ಎಳೆದು ಕೂತಿರುತ್ತಾರೆ. ಎಡಕ್ಕೆ ಮಕ್ಕಳ ಹೆಸರಿದ್ದ ಜಾಗದಲ್ಲಿ ಕುದುರೆಗಳ ಹೆಸರು. ಗೈರುಹಾಜರಿಯ ಕಾಲಮ್ಮಿನಲ್ಲಿ ಭಾರ.

ದುಡ್ಡು ಕಟ್ಟುವುದಿಲ್ಲ. ಒಂದು ರೂಪಾಯಿಯೂ ಇಲ್ಲ. ಊರವರಿಗೆ ಅರ್ಥವಾಗದೆ ಉಳಿದಿರುವುದು ಇದೊಂದೇ. ಕುಡಿಯದವನು ಬಾಟಲಿಯ ಲೇಬಲ್ ಓದುತ್ತಾ ರಾತ್ರಿ ಕಳೆಯುವುದನ್ನು ಕೊಡಗಿನಲ್ಲಿ ಯಾರು ನಂಬುತ್ತಾರೆ?

ಕಾರ್ಡು ಓದುವುದಕ್ಕೆ ಮೇಷ್ಟ್ರದೇ ಒಂದು ಕ್ರಮ. ಮೊದಲು ನೋಡುವುದು ಹಿಂದಿನ ಓಟಗಳ ಸ್ಥಾನ. 1, 4, 2, 7 ಎಂದು ಸಾಲಾಗಿ ಬಿದ್ದಿರುವ ಅಂಕಿಗಳನ್ನು ಎಲ್ಲರೂ ನೋಡುತ್ತಾರೆ. ಏಳನೆಯದಾಗಿ ಬಂದದ್ದು ಯಾವ ದರ್ಜೆಯ ಓಟದಲ್ಲಿ ಎಂದು ಕೇಳುವವರು ಕಡಿಮೆ. ಮೇಲಿನ ದರ್ಜೆಯಲ್ಲಿ ಏಳನೆಯದಾಗಿ ಬಂದು, ಈಗ ಒಂದು ಮೆಟ್ಟಿಲು ಇಳಿದ ಕುದುರೆ ಕೆಳಗಿನ ದರ್ಜೆಯಲ್ಲಿ ಗೆದ್ದು ಬಂದದ್ದಕ್ಕಿಂತ ಅಪಾಯಕಾರಿ ಎಂದು ಮೇಷ್ಟ್ರ ಅಭಿಪ್ರಾಯ. ಆಮೇಲೆ ದೂರ. 1,200 ಮೀಟರಿನಲ್ಲಿ ಹಾರಿ ಬಂದದ್ದು 1,600ರಲ್ಲಿ ಕೊನೆಯ ಇನ್ನೂರಕ್ಕೆ ಉಸಿರು ಬಿಡುತ್ತದೆ. ಹಿಂದಿನ ಸಲ ಕೊನೆಯ ಇನ್ನೂರರಲ್ಲಿ ಮಾತ್ರ ಎಚ್ಚರವಾದದ್ದಕ್ಕೆ ದೂರ ಹೆಚ್ಚಿದರೆ ಅನುಕೂಲ. ನಂತರ ಗೇಟಿನ ಡ್ರಾ. ತಿರುವು ಬೇಗ ಬರುವ ಓಟದಲ್ಲಿ ಹೊರಗಿನ ಗೇಟು ಸಿಕ್ಕಿದ ಕುದುರೆ ಉಳಿದವಕ್ಕಿಂತ ಹೆಚ್ಚು ದೂರ ಓಡಬೇಕು, ಇಲ್ಲವೇ ಒಳಗೆ ನುಗ್ಗಲು ಶಕ್ತಿ ಸುಡಬೇಕು. ಜಾಕಿ ಯಾರು, ಕಲಿಯುವ ಹುಡುಗನಾದರೆ ಅವನಿಗೆ ಎಷ್ಟು ಕಿಲೋ ರಿಯಾಯಿತಿ, ಕಣ್ಣಿನ ಪಕ್ಕಕ್ಕೆ ಮರೆ ಕಟ್ಟುವ ಬ್ಲಿಂಕರ್ಸ್ ಮೊದಲ ಸಲ ಹಾಕಿದ್ದಾರೆಯೇ, ಬೆಳಗಿನ ಟ್ರ್ಯಾಕ್ ವರ್ಕಿನಲ್ಲಿ ಕೊನೆಯ 600 ಮೀಟರ್ ಎಷ್ಟು ಸೆಕೆಂಡಿಗೆ ಮುಗಿಸಿತು, ಬಿಡುವಿನ ನಂತರ ಇದು ಮೊದಲ ಓಟವೇ ಎರಡನೆಯದೇ, ಹೀಗೆ ಕಾಲಮ್ಮುಗಳು ಬೆಳೆಯುತ್ತವೆ. ಹಾಜರಿ ಪುಸ್ತಕದ ತಿಂಗಳಿಗೆ ಮೂವತ್ತೊಂದು ಕಾಲಮ್ಮು ಇರುವುದು ಆಗ ಉಪಯೋಗಕ್ಕೆ ಬರುತ್ತದೆ.

ಕೊನೆಗೆ ನೆಲ. ಪೆನೆಟ್ರೋಮೀಟರ್ ಎಂಬ ಸಲಾಕೆಯನ್ನು ಹುಲ್ಲಿನ ಮೇಲೆ ಬಿಟ್ಟು, ಅದು ಎಷ್ಟು ಆಳ ಇಳಿಯಿತು ಎಂದು ಅಳೆದು ನೆಲದ ಮೆದುತನ ಹೇಳುತ್ತಾರೆ. ಕೆಲವು ಕುದುರೆಗಳಿಗೆ ಗಟ್ಟಿ ನೆಲ ಬೇಕು, ಕೆಲವಕ್ಕೆ ಒದ್ದೆ. ಅದೇ ಸಲಾಕೆಯನ್ನು ಜುಲೈ ತಿಂಗಳಲ್ಲಿ ಭಾಗಮಂಡಲದ ಗದ್ದೆಯಲ್ಲಿ ಬಿಟ್ಟರೆ ಸಲಾಕೆಯೂ ಸಿಗುವುದಿಲ್ಲ, ಬಿಟ್ಟವನ ಚಪ್ಪಲಿಯೂ ಸಿಗುವುದಿಲ್ಲ ಎಂದು ಮೇಷ್ಟ್ರು ಹೇಳುವುದುಂಟು.

ಇಷ್ಟೆಲ್ಲ ಮಾಡಿ ಮುಗಿಸುವ ಹೊತ್ತಿಗೆ ರಾತ್ರಿ ಹನ್ನೊಂದು. ಮಾರನೆಯ ದಿನ 1,200 ಮೀಟರಿನ ಓಟ ಸುಮಾರು ಒಂದೂಕಾಲು ನಿಮಿಷದಲ್ಲಿ ಮುಗಿದುಹೋಗುತ್ತದೆ.

ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಮೇಷ್ಟ್ರಿಗೆ ಮೌಖಿಕ ಪರೀಕ್ಷೆ. "ಎಂತ ಮೇಷ್ಟ್ರೇ, ಇವತ್ತು ಯಾವುದು?" ಎಂದು ಶುರುವಾಗುತ್ತದೆ. ಮೇಷ್ಟ್ರು ಒಂದು ಹೆಸರು ಹೇಳಿ, ಅದರ ಬೆನ್ನಿಗೇ ನಾಲ್ಕು "ಆದರೆ" ಸೇರಿಸುತ್ತಾರೆ. ಒಳಗಿನಿಂದ ಓಡಲು ಜಾಗ ಸಿಕ್ಕಿದರೆ, ಮಳೆ ಬಾರದಿದ್ದರೆ, ಮೂರನೆಯ ನಂಬರಿನದು ಮುಂದೆ ಹೋಗಿ ವೇಗ ಕೆಡಿಸದಿದ್ದರೆ, ಅದಕ್ಕೆ ಮನಸ್ಸಿದ್ದರೆ.

"ಅಲ್ಲ ಮೇಷ್ಟ್ರೇ," ಎಂದು ಒಬ್ಬರು ಕೇಳಿಯೇಬಿಟ್ಟರು, "ಎಂಟು ಕಿಲೋಮೀಟರ್ ಮೇಲೆ ತಲಕಾವೇರಿಯಲ್ಲಿ ತೀರ್ಥೋದ್ಭವ ಇಂಥ ನಿಮಿಷಕ್ಕೆ ಅಂತ ತಿಂಗಳ ಮುಂಚೆಯೇ ಹೇಳ್ತಾರೆ. 2024ರಲ್ಲಿ ಬೆಳಿಗ್ಗೆ 7.40, 2025ರಲ್ಲಿ ಮಧ್ಯಾಹ್ನ 1.44. ನಿಮಗೆ ಎಂಟು ಕುದುರೆಯಲ್ಲಿ ಒಂದು ಹೇಳೋದಕ್ಕೆ ಆಗಲ್ವಾ?"

ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟು ಶಾಂತವಾಗಿ ಹೇಳಿದರು: "ತೀರ್ಥೋದ್ಭವ ಆಗೋದು ಸೂರ್ಯ ತುಲಾ ರಾಶಿಗೆ ಹೋಗುವಾಗ. ಆ ದಾರಿಯಲ್ಲಿ ಅವನಿಗೆ ಅಡ್ಡ ಬರೋ ಏಳು ಸೂರ್ಯರಿಲ್ಲ. ಅವನ ಮೇಲೆ ಜಾಕಿನೂ ಇಲ್ಲ."

ಸೂರ್ಯನ ಹಾಗೆ ಓಡಿದ ಕುದುರೆಗಳೂ ಇಲ್ಲದೆ ಇಲ್ಲ. ರಶೀದ್ ಬೈರಾಮ್‌ಜಿ ತರಬೇತಿ ಕೊಟ್ಟ ಸ್ಕ್ವಾಂಡರರ್ 1970ರ ದಶಕದಲ್ಲಿ 19 ಓಟ ಓಡಿ 18 ಗೆದ್ದಿತು. ಅಂಥ ಕುದುರೆಯಿರುವ ರೇಸಿಗೆ ಕಾರ್ಡು ಓದುವ ಅಗತ್ಯವಿಲ್ಲ, ಮೇಷ್ಟ್ರಿಗೆ ಅದರಲ್ಲಿ ಆಸಕ್ತಿಯೂ ಇಲ್ಲ. ಅವರಿಗೆ ಪ್ರಿಯವಾದದ್ದು ಸೋತ ಆ ಒಂದು ಓಟದ ಜಾತಿ. ಅಮೆರಿಕದ ಮ್ಯಾನ್ ಓ' ವಾರ್ ತನ್ನ 21 ಓಟಗಳಲ್ಲಿ ಸೋತದ್ದು ಒಂದೇ ಒಂದು ಸಲ, 1919ರಲ್ಲಿ ಸ್ಯಾರಟೋಗದಲ್ಲಿ. ಅಂದು ಅದರ ಮೇಲೆ 130 ಪೌಂಡ್, ಗೆದ್ದ ಕುದುರೆಯ ಮೇಲೆ 115. ಹದಿನೈದು ಪೌಂಡ್ ಎಂದರೆ ಹತ್ತಿರ ಹತ್ತಿರ ಏಳು ಕಿಲೋ. ಇಷ್ಟು ದೊಡ್ಡ ಕುದುರೆಯನ್ನೂ ಒಂದು ಸಣ್ಣ ಅಕ್ಕಿಚೀಲ ಸೋಲಿಸಿತಲ್ಲ ಎಂದು ಮೇಷ್ಟ್ರು ಖುಷಿಯಿಂದ ಹೇಳುತ್ತಾರೆ. ಆ ದಿನ ಸ್ಟಾರ್ಟು ಕೆಟ್ಟಿತ್ತು, ದಾರಿ ಕಟ್ಟಿತ್ತು ಎಂದೂ ಬರೆದವರಿದ್ದಾರೆ. ಅದನ್ನು ಅವರು ಸ್ವಲ್ಪ ತಡವಾಗಿ ಹೇಳುತ್ತಾರೆ.

ಯಾವ ಕಾಲಮ್ಮಿಗೂ ಸಿಗದ ಓಟವೂ ಒಂದಿದೆ. ಇಂಗ್ಲೆಂಡಿನಲ್ಲಿ ಬೇಲಿ ಹಾರಿ ಓಡುವ ಗ್ರ್ಯಾಂಡ್ ನ್ಯಾಷನಲ್ ಓಟದಲ್ಲಿ, 1967ರಲ್ಲಿ, ಫಾಯಿನೇವನ್ ಎಂಬ ಕುದುರೆಯ ದರ ಒಂದಕ್ಕೆ ನೂರು. ಮಾಲೀಕರೇ ನೋಡಲು ಬಂದಿರಲಿಲ್ಲ, ಟ್ರೇನರ್ ಬೇರೆ ಊರಿನ ರೇಸಿಗೆ ಹೋಗಿದ್ದ. ಇಪ್ಪತ್ಮೂರನೆಯ ಬೇಲಿಯ ಹತ್ತಿರ ಜಾಕಿಯನ್ನು ಮೊದಲೇ ಕೆಡವಿ ಸ್ವತಂತ್ರವಾಗಿದ್ದ ಇನ್ನೊಂದು ಕುದುರೆ ಅಡ್ಡಕ್ಕೆ ತಿರುಗಿತು. ಅದರ ಮೇಲೆ ಹಿಂದಿನದು, ಅದರ ಮೇಲೆ ಅದರ ಹಿಂದಿನದು. ಜನರ ನೆಚ್ಚಿನ ಕುದುರೆಯೂ ಸೇರಿ ಇಡೀ ಗುಂಪು ಒಂದೆಡೆ ಗುಡ್ಡೆಯಾಯಿತು. ಫಾಯಿನೇವನ್ ಎಷ್ಟು ಹಿಂದೆ ಇತ್ತೆಂದರೆ, ಜಾಕಿ ಜಾನ್ ಬಕಿಂಗ್‌ಹ್ಯಾಮನಿಗೆ ಪರಿಸ್ಥಿತಿ ನೋಡಿ, ಸಂದಿ ಹುಡುಕಿ, ಹಾರಿಸಿಕೊಂಡು ಹೋಗಲು ಸಮಯ ಸಿಕ್ಕಿತು. ಉಳಿದವರು ಚೇತರಿಸಿಕೊಳ್ಳುವ ಹೊತ್ತಿಗೆ ಅದು ಬಹಳ ಮುಂದಿತ್ತು. ಎಲ್ಲರೂ ಕಟ್ಟಿದ ಹಣವನ್ನು ಒಟ್ಟುಗೂಡಿಸಿ ಗೆದ್ದವರಿಗೆ ಹಂಚುವ ಟೋಟ್ ಒಂದಕ್ಕೆ 444ರಂತೆ ಕೊಟ್ಟಿತು. ನಿಧಾನವನ್ನೂ ಒಂದು ಗುಣವಾಗಿ ಬರೆದುಕೊಳ್ಳಲು ಹಾಜರಿ ಪುಸ್ತಕದಲ್ಲಿ ಕಾಲಮ್ಮು ತೆರೆಯಬೇಕೇ ಎಂದು ಮೇಷ್ಟ್ರು ಒಂದು ವಾರ ಯೋಚಿಸಿ ಬಿಟ್ಟರು.

ಎಲ್ಲ ದೇಶಗಳಲ್ಲೂ ಸುಮಾರಾಗಿ ನಿಲ್ಲುವ ಒಂದು ಸತ್ಯವಿದೆ. ಜನ ಹೆಚ್ಚು ದುಡ್ಡು ಹಾಕಿದ ಕುದುರೆ, ಅಂದರೆ ಫೇವರಿಟ್, ಮೂರರಲ್ಲಿ ಒಂದು ಸಲ ಗೆಲ್ಲುತ್ತದೆ. ಕುದುರೆಯ ಮುಖವನ್ನೇ ನೋಡದವನೂ ಕಣ್ಣು ಮುಚ್ಚಿ ಫೇವರಿಟ್ಟನ್ನು ಹಿಡಿದರೆ ಆರು ರೇಸಿಗೆ ಎರಡು ಸರಿ ಹೇಳಿ ಹೋಟೆಲಿನಲ್ಲಿ ಪಂಡಿತನಾಗಬಹುದು. ತೊಂದರೆಯಿರುವುದು ಲೆಕ್ಕದಲ್ಲಿ. ಮೂರು ರೇಸಿಗೆ ಹತ್ತು ಹತ್ತರಂತೆ ಮೂವತ್ತು ರೂಪಾಯಿ ಕಟ್ಟಿ, ಗೆದ್ದ ಒಂದರಲ್ಲಿ ಇಪ್ಪತ್ತೈದು ಬಂದರೆ ಪಾಂಡಿತ್ಯ ಉಳಿಯಿತು, ಐದು ರೂಪಾಯಿ ಹೋಯಿತು. ಫೇವರಿಟ್ಟಿಗೆ ಜನ ಕಿಕ್ಕಿರಿದಷ್ಟೂ ಟೋಟಿನಲ್ಲಿ ತಲೆಗೆ ಸಿಗುವ ಪಾಲು ಸಣ್ಣದು. ಮೊದಲ ಮೂರನ್ನು ಕ್ರಮವಾಗಿ ಹೇಳುವ ಟನಾಲಾ, ಸಾಲು ಸಾಲು ರೇಸುಗಳ ವಿಜೇತರನ್ನು ಹೇಳುವ ಜಾಕ್‌ಪಾಟ್ ಇವುಗಳ ಕತೆ ಬೇರೆ. ಅವುಗಳ ಬಗ್ಗೆ ಮಾತಾಡುವಾಗ ಜನರ ಕಣ್ಣಿನಲ್ಲಿ ಬರುವ ಹೊಳಪು ಮೇಷ್ಟ್ರಿಗೆ ಹಿಡಿಸುವುದಿಲ್ಲ.

ಈ ಲೆಕ್ಕವನ್ನು ನಿಜವಾಗಿ ಗೆದ್ದವನು ಬಿಲ್ ಬೆಂಟರ್. ಲಾಸ್ ವೇಗಸ್ಸಿನ ಜೂಜುಕಟ್ಟೆಗಳು ಇಸ್ಪೀಟಿನ ಎಲೆ ಎಣಿಸುತ್ತಾನೆಂದು ಹೊರಗೆ ಹಾಕಿದ ಮೇಲೆ, 1980ರ ದಶಕದ ನಡುವೆ ಹಾಂಗ್‌ಕಾಂಗಿಗೆ ಹೋಗಿ ಕುದುರೆಗಳನ್ನು ಕಂಪ್ಯೂಟರಿಗೆ ಹಾಕಿದ. ಮೊದಮೊದಲು ಸೋತ. ಆಮೇಲೆ ಅವನಿಗೆ ಹೊಳೆದದ್ದು ಇದು: ತನ್ನ ಯಂತ್ರ ಹೇಳಿದ್ದನ್ನೂ, ಟೋಟಿನ ಬೋರ್ಡಿನಲ್ಲಿ ಜನ ಹೇಳುತ್ತಿದ್ದುದನ್ನೂ ಒಟ್ಟಿಗೆ ಬೆರೆಸಬೇಕು. ಎರಡರ ನಡುವೆ ಅಂತರ ಇರುವಲ್ಲಿ ಮಾತ್ರ ದುಡ್ಡು ಹಾಕಬೇಕು. ಇದನ್ನು ಅವನು 1994ರಲ್ಲಿ ಒಂದು ಪ್ರಬಂಧವಾಗಿಯೇ ಪ್ರಕಟಿಸಿದ. ಮೇಷ್ಟ್ರು ಅದನ್ನು ಓದಿ, ಗೆಲ್ಲುವ ಕುದುರೆ ಯಾವುದು ಎಂಬ ಪ್ರಶ್ನೆಯೇ ತಪ್ಪು, ಜನ ಯಾವುದನ್ನು ಕಡೆಗಣಿಸಿದ್ದಾರೆ ಎಂದು ಕೇಳಬೇಕು ಎಂದು ಹೋಟೆಲಿನಲ್ಲಿ ವಿವರಿಸಿದರು. ಕೇಳಿದವರು ಇಡ್ಲಿಗೆ ಇನ್ನಷ್ಟು ಚಟ್ನಿ ಹಾಕಿಸಿಕೊಂಡರು.

ಕಾನೂನು ಮೇಷ್ಟ್ರ ಪರವಾಗಿದೆ. 1996ರಲ್ಲಿ ಕೆ.ಆರ್. ಲಕ್ಷ್ಮಣನ್ ಮತ್ತು ತಮಿಳುನಾಡು ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕುದುರೆ ರೇಸಿನಲ್ಲಿ ಮುಖ್ಯವಾಗಿರುವುದು ಅದೃಷ್ಟವಲ್ಲ, ಕೌಶಲ ಎಂದು ತೀರ್ಪು ಕೊಟ್ಟಿತು. ಆ ತೀರ್ಪಿನ ಸಾರವನ್ನು ಮೇಷ್ಟ್ರು ಹಾಜರಿ ಪುಸ್ತಕದ ರಟ್ಟಿನ ಒಳಗೆ ಬರೆದಿಟ್ಟುಕೊಂಡಿದ್ದಾರೆ, ಹೆಂಡತಿ ಬೈದಾಗ ತೋರಿಸಲು. "ಕೌಶಲ ಇದ್ದರೆ ತಿಂಗಳ ಕೊನೆಗೆ ಕಾಣಿಸಬೇಕಿತ್ತಲ್ಲ," ಎಂಬುದು ಹೆಂಡತಿಯ ಪ್ರತಿವಾದ. ದುಡ್ಡೇ ಕಟ್ಟದವನಿಗೆ ತಿಂಗಳ ಕೊನೆಗೆ ಏನು ಕಾಣಿಸಲು ಸಾಧ್ಯ ಎಂದು ಕೇಳಲು ಮೇಷ್ಟ್ರಿಗೆ ಇನ್ನೂ ಧೈರ್ಯ ಬಂದಿಲ್ಲ.

ತೆರಿಗೆ ಇಲಾಖೆಗೆ ಕೌಶಲ, ಅದೃಷ್ಟ ಎರಡೂ ಒಂದೇ. ಪಣದ ಪೂರ್ತಿ ಮೊತ್ತದ ಮೇಲೆ ಶೇಕಡಾ 28 ಜಿಎಸ್‌ಟಿ ಇತ್ತು, 2025ರ ಸೆಪ್ಟೆಂಬರ್ 22ರಿಂದ ಅದು 40 ಆಯಿತು. ನಮ್ಮ ಜೇಬಿಗೇ ಒಬ್ಬ ಹ್ಯಾಂಡಿಕ್ಯಾಪರ್ ಬಂದು ಕೂತಿದ್ದಾನೆ, ಗೆಲ್ಲುವುದಕ್ಕೆ ಮುಂಚೆಯೇ ಭಾರ ಹೇರುತ್ತಾನೆ ಎಂದು ಮೇಷ್ಟ್ರು ವ್ಯಾಖ್ಯಾನಿಸಿದರು. ಜೇಬಿಗೆ ಕೈ ಹಾಕದವರ ವ್ಯಾಖ್ಯಾನ ಎಂದು ಯಾರೋ ಗೊಣಗಿದರು.

ಹಾಗೆಂದು ಕೊಡಗಿಗೆ ಓಟದ ಹುಚ್ಚು ಮೇಷ್ಟ್ರಿಂದ ಬಂದದ್ದಲ್ಲ. ಕುದುರೆಯಿಲ್ಲದ ರೇಸ್ ಇಲ್ಲಿ ಬಹಳ ಹಳೆಯದು. ಜಿ. ರಿಕ್ಟರ್ 1870ರಲ್ಲಿ ತಂದ ಕೊಡಗಿನ ಕೈಪಿಡಿಯಲ್ಲೇ ನಾಟಿ ಓಟದ ವರ್ಣನೆ ಇದೆ. ಎಲ್ಲಕ್ಕಿಂತ ದೊಡ್ಡ ಗದ್ದೆಯ ನಾಟಿ ಮುಗಿಯುವಾಗ ಉದ್ದಕ್ಕೂ ಒಂದು ಪಟ್ಟಿ ಖಾಲಿ ಬಿಡುವುದು, ನಾಟಿಗೆ ಬಂದ ಗಂಡಸರೆಲ್ಲ ಆ ಕೆಸರಿನಲ್ಲಿ ಬಿದ್ದು ಎದ್ದು, ಬದು ಹಾರಿ ಆಚೆ ದಂಡೆ ಮುಟ್ಟುವುದು. ಮೊದಲು ಬಂದವನಿಗೆ ಬಟ್ಟೆ, ಆಮೇಲಿನವರಿಗೆ ಬಾಳೆಗೊನೆ, ಹಲಸಿನ ಹಣ್ಣು. ಈಗ ಯುವಕ ಸಂಘಗಳ ಕೆಸರುಗದ್ದೆ ಕ್ರೀಡಾಕೂಟಗಳಲ್ಲಿ ಮೈಕು, ಟ್ರೋಫಿ ಎಲ್ಲ ಸೇರಿವೆ, ಕೆಸರು ಮಾತ್ರ ಅದೇ.

ಇಂಥ ಒಂದು ಕೂಟಕ್ಕೆ ಮೇಷ್ಟ್ರನ್ನು ತೀರ್ಪುಗಾರರಾಗಿ ಕರೆದರು. ಅವರು ಹಾಜರಿ ಪುಸ್ತಕದೊಂದಿಗೆ ಹೋದರು. ಹಿಂದಿನ ವರ್ಷ ಸುಲಭವಾಗಿ ಗೆದ್ದ ಹುಡುಗನ ಸೊಂಟಕ್ಕೆ ಎರಡು ತೆಂಗಿನಕಾಯಿ ಕಟ್ಟಿ ಓಡಿಸದಿದ್ದರೆ ಓಟದಲ್ಲಿ ನ್ಯಾಯವಿಲ್ಲ ಎಂದು ವಾದಿಸಿದರು. ಸಮಿತಿಯವರಿಗೆ ಇದು ತಮಾಷೆಯಾಗಿ ಕಂಡಿತು, ಒಪ್ಪಿದರು. ಹುಡುಗನೂ ಒಪ್ಪಿದ, ಒಂದು ಷರತ್ತಿನ ಮೇಲೆ: ಸೋಲಲಿ ಗೆಲ್ಲಲಿ, ಕಟ್ಟಿದ ಕಾಯಿ ಅವನದೇ. ಅವನು ಮೂರನೆಯವನಾಗಿ ಬಂದ. ಮೇಷ್ಟ್ರು ಅಲ್ಲೇ ನಿಂತು ಬರೆದುಕೊಂಡರು: ಭಾರ 2 ಕಾಯಿ, 3ನೇ ಸ್ಥಾನ, ನೆಲ ಅತಿ ಮೆದು, ಮುಂದಿನ ವರ್ಷಕ್ಕೆ ಒಂದು ಕಾಯಿ ಇಳಿಸುವುದು.

ಹೆಗಲ ಮೇಲಿಂದ ಬಗ್ಗಿ ಓದಿದ ಹುಡುಗ ಕೆಸರು ಒರೆಸಿಕೊಳ್ಳುತ್ತಾ ಹೇಳಿದ: "ಇಳಿಸೋದು ಬೇಡ ಸಾರ್, ಎರಡೇ ಇರಲಿ. ಈಗ ಕಾಯಿಗೆ ಒಳ್ಳೆ ರೇಟುಂಟು."