ಏಳು ಗಂಟೆಯ ಸೈರನ್

(ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರ ಸಭೆ. ಹಾಜರಿ ಭರ್ತಿ, ತಲೆ ಎತ್ತಿ ಕೂತವರು ಇಬ್ಬರೇ.)

ಕಾರ್ಯದರ್ಶಿ: ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್‌ ಅಂತ ಊರು. 2022ರಲ್ಲೇ ಶುರುಮಾಡಿದ್ರು. ಸಂಜೆ 7ಕ್ಕೆ ದೇವಸ್ಥಾನದಿಂದ ಸೈರನ್ ಕೂಗಿದ್ರೆ ಒಂದೂವರೆ ಗಂಟೆ ಟೀವಿ, ಮೊಬೈಲ್ ಎಲ್ಲಾ ಬಂದ್. ನಾವೂ ಮಾಡೋಣ.

ರಾಯರು: ಭೇಷ್! ಆ ಸೈರನ್‌ಗೊಂದು ಆ್ಯಪ್ ಮಾಡಿಸಿ.

ಕಾರ್ಯದರ್ಶಿ: ಸ್ವಾಮೀ, ಫೋನೇ ಬಂದ್ ಮಾಡೋದು!

ರಾಯರು: ಬಂದ್ ಮಾಡಿದ್ದು ನಾಲ್ಕು ಜನಕ್ಕೆ ಗೊತ್ತಾಗೋದು ಹೇಗೆ? ಸ್ಟೇಟಸ್ ಹಾಕಬೇಡವೇ?

ಕಾರ್ಯದರ್ಶಿ: ಆ ಹೊತ್ತಲ್ಲಿ ಮನೆಯವರ ಜೊತೆ ಮಾತಾಡಿ.

ರಾಯರು: ಮೊನ್ನೆ ಕರೆಂಟ್ ಹೋಗಿ ವೈಫೈ ಸತ್ತಾಗ ಹಾಲ್‌ಗೆ ಬಂದೆ. ಸೋಫಾ ಮೇಲೆ ಮೀಸೆ ಚಿಗುರಿದ ಹುಡುಗ. ‘ಯಾರಪ್ಪಾ ನೀನು?’ ಅಂದೆ. ‘ಅಪ್ಪಾ, ನಾನೇ’ ಅಂದ. ಪಿಯುಸಿಯಂತೆ!

ಕಾರ್ಯದರ್ಶಿ: ಅವನನ್ನ ಲಾಲ್‌ಬಾಗಿಗೆ ಕರ್ಕೊಂಡು ಹೋಗಿ. ಅಲ್ಲಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು.

ರಾಯರು: ನೋಡಿದ್ದೀನಿ, 30 ಸೆಕೆಂಡಿನ ರೀಲ್‌ನಲ್ಲಿ. ಬಹಳ ಉದ್ದವಾಯ್ತು, ಅರ್ಧಕ್ಕೇ ಮೇಲಕ್ಕೆ ತಳ್ಳಿದೆ.

ಠರಾವು ಅವಿರೋಧವಾಗಿ ಪಾಸಾಯಿತು. (ಯಾರೂ ಕೇಳಿಸಿಕೊಂಡಿರಲಿಲ್ಲ.) ಜಾರಿಗೆ ತರಲು ಹೊಸ ವಾಟ್ಸಾಪ್ ಗುಂಪು ರಚಿಸಲಾಗಿದೆ, ಸದಸ್ಯರೆಲ್ಲರೂ ಸಂಜೆ 7ಕ್ಕೆ ತಪ್ಪದೆ ಆನ್‌ಲೈನ್ ಇರತಕ್ಕದ್ದು.