ಚೌಡೇಶ್ವರಿಯ ಕಾವಲು, ಐಎಂಟಿ 23

ನನ್ನ ಭಾವಮೈದನಿಗೆ ಅಡಿಕೆ ತೋಟವಿದೆ, ಹೆಂಚಿನ ಮನೆಯಿದೆ, ಸೊಸೈಟಿಯಲ್ಲಿ ಸಾಲ ಹುಟ್ಟುವಷ್ಟು ಮರ್ಯಾದೆಯೂ ಇದೆ. ಇಷ್ಟೆಲ್ಲ ಇದ್ದವನು ಲಾರಿ ಯಾಕೆ ತಗೊಂಡ ಎಂದು ಶಿವಮೊಗ್ಗ ಸೀಮೆಯಲ್ಲಿ ಯಾರೂ ಕೇಳುವುದಿಲ್ಲ. ನಮ್ಮ ಅಡಿಕೆ ಇಂದೋರು, ಕಾನ್ಪುರ, ದೆಹಲಿ ಅಂತ ಉತ್ತರಕ್ಕೆ ಹೋಗುತ್ತದೆ. ಬೆಳೆದವನಿಗಿಂತ ಹೊತ್ತುಕೊಂಡು ಹೋದವನೇ ಹೆಚ್ಚು ಕಾಸು ನೋಡುತ್ತಾನೆ ಎಂಬುದು ಮಂಡಿ ಜಗುಲಿಯಲ್ಲಿ ಕೂತವರ ಗಟ್ಟಿ ನಂಬಿಕೆ.

ನಾನು ಸರ್ಕಾರಿ ಗುಮಾಸ್ತನಾಗಿ ನಿವೃತ್ತನಾದವನು. ಹಾಗಾಗಿ ನೆಂಟರಿಷ್ಟರ ಪೈಕಿ ಯಾರ ಫಾರಂ ತುಂಬಬೇಕಾದರೂ ಅದು ನನ್ನ ಮನೆಗೇ ಬರುತ್ತದೆ. "ಮೊದಲು ಚಿಕ್ಕ ಗಾಡಿ ತಗೋ ಮಾರಾಯ. ಲೋಡು ಸೇರಿ ಒಟ್ಟು ತೂಕ 3,000 ಕೆ.ಜಿ. ದಾಟದ ಗೂಡ್ಸ್ ಗಾಡಿಗೆ ಪರ್ಮಿಟ್ಟೇ ಬೇಡ ಅಂತ 1988ರ ಮೋಟಾರು ವಾಹನ ಕಾಯ್ದೆಯೇ ಹೇಳುತ್ತೆ" ಅಂದೆ. ಅವನ ಮುಖ ಸಣ್ಣದಾಯಿತು. "ಭಾವ, ಅದು ಸೊಪ್ಪು ಮಾರೋರ ಗಾಡಿ" ಎಂದವನು ಚಿತ್ರದುರ್ಗಕ್ಕೆ ಹೋಗಿ ಹತ್ತು ಚಕ್ರದ, ಒಂಬತ್ತು ವರ್ಷ ಓಡಿದ ಲಾರಿಯೊಂದನ್ನು ತಂದು ಅಂಗಳದಲ್ಲಿ ನಿಲ್ಲಿಸಿದ. ಅದರ ಹಣೆಯ ಮೇಲೆ ಹಳೆಯ ಮಾಲೀಕನ ಮಕ್ಕಳ ಹೆಸರು ಬರೆದಿತ್ತು. ಅದನ್ನು ಅಳಿಸಿ ತನ್ನ ಮಕ್ಕಳ ಹೆಸರು ಬರೆಸಲು ಪೇಂಟರನಿಗೆ ಅರ್ಧ ದಿನ ಸಾಕಾಯಿತು. ಆರ್‌ಸಿ ಪುಸ್ತಕದಲ್ಲಿ ಅಪ್ಪನ ಹೆಸರು ಬದಲಾಗುವುದು ಅಷ್ಟು ಸಲೀಸಲ್ಲ. ಮಾರಿದವನ ಫಾರಂ 29, ಇಬ್ಬರ ಸಹಿಯ ಫಾರಂ 30, ಹಳೆಯ ಸಾಲ ತೀರಿದ್ದಕ್ಕೆ ಫೈನಾನ್ಸಿನವರ ಫಾರಂ 35. ಇನ್ಶೂರೆನ್ಸನ್ನು ಹೊಸ ಮಾಲೀಕ 14 ದಿನದೊಳಗೆ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಹಳೆಯವನು ಕ್ಲೇಮು ಮಾಡದೆ ಕೂಡಿಟ್ಟ ಬೋನಸ್ ಮಾತ್ರ ಲಾರಿಯ ಜೊತೆ ಬರುವುದಿಲ್ಲ. ಅದನ್ನು ಅವನು ಮುಂದಿನ ಗಾಡಿಗೆ ಕೊಂಡೊಯ್ಯುತ್ತಾನೆ.

ಆಮೇಲೆ ಶುರುವಾಯಿತು ಸುತ್ತು. ಎಫ್‌ಸಿಗೆ, ಅಂದರೆ ಫಿಟ್ನೆಸ್ ಸರ್ಟಿಫಿಕೇಟಿಗೆ ಹೋದರೆ ಇನ್ಶೂರೆನ್ಸ್ ಎಲ್ಲಿ ಅಂತಾರೆ. ಇನ್ಶೂರೆನ್ಸಿನವರು ಎಮಿಷನ್ ಚೀಟಿ ತನ್ನಿ ಅಂತಾರೆ. ಅದಿಲ್ಲದೆ ಪಾಲಿಸಿ ನವೀಕರಿಸಬೇಡಿ ಎಂದು 2017ರಲ್ಲಿ ಸುಪ್ರೀಂ ಕೋರ್ಟೇ ಹೇಳಿತ್ತು; 2024ರಲ್ಲಿ ಥರ್ಡ್ ಪಾರ್ಟಿಯ ಮಟ್ಟಿಗೆ ಆ ಷರತ್ತನ್ನು ತಾನೇ ಕೈಬಿಟ್ಟಿತು. ಎಮಿಷನ್ ಅಂಗಡಿಯವನು ಗಾಡಿ ತಂದು ನಿಲ್ಲಿಸಿ ಅಂತಾನೆ. ಗಾಡಿ ತರಬೇಕಾದರೆ ರಸ್ತೆಗೆ ಇಳಿಸಬೇಕು. ಇಳಿಸಬೇಕಾದರೆ ಎಫ್‌ಸಿ ಇರಬೇಕು! ಇದಕ್ಕೆಲ್ಲ ಮೇಲೊಂದು ತ್ರೈಮಾಸಿಕ ತೆರಿಗೆ. ಒಂದೊಂದು ಕಾಗದ ಮುಗಿಯುವುದೂ ಒಂದೊಂದು ತಾರೀಖಿಗೆ. ಭಾವಮೈದನ ಹೆಂಡತಿ ಈಗ ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿಯ ಪಕ್ಕ ಎಫ್‌ಸಿ, ಸಂಕಷ್ಟಿಯ ಪಕ್ಕ ಟ್ಯಾಕ್ಸು ಎಂದು ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದಾಳೆ. ಸಂಕಷ್ಟಿ ಅಲ್ಲಿಗೆ ಸರಿಯಾಗಿಯೇ ಹೊಂದುತ್ತದೆ.

ಎಂಟು ವರ್ಷ ತುಂಬುವ ತನಕ ಎಫ್‌ಸಿ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಒಂಬತ್ತರ ಈ ಮುದುಕನಿಗೆ ವರ್ಷಕ್ಕೊಮ್ಮೆ ಮೈ ತೋರಿಸುವ ಯೋಗ. ಆಗುಂಬೆ ಮಳೆಯಲ್ಲಿ ಅಲ್ಲಾಡದ ವೈಪರು ಎಫ್‌ಸಿಯ ದಿನ ಅಲ್ಲಾಡಿತು. ಸುತ್ತಲೂ ಹೊಳೆಯುವ ರಿಫ್ಲೆಕ್ಟರ್ ಟೇಪು ಬಂತು. ಯಾರೂ ತೆರೆದು ನೋಡಿರದ ಫಸ್ಟ್ ಏಡ್ ಡಬ್ಬಿಯ ಧೂಳು ಒರೆಸಿದ್ದಾಯಿತು. ಪರೀಕ್ಷೆ ಮುಗಿಸಿ ಬರುವಾಗ ಡ್ರೈವರು, "ಸಾರ್, ಇವತ್ತು ಎಲ್ಲಾ ಲೈಟೂ ಉರೀತಾವೆ, ನಂಗೇ ನಂಬಕ್ಕಾಗ್ತಿಲ್ಲ" ಎಂದ.

ನ್ಯಾಷನಲ್ ಪರ್ಮಿಟ್ಟಿನ ವಿಷಯದಲ್ಲಿ ಸರ್ಕಾರವನ್ನು ಹೊಗಳಲೇಬೇಕು. 2010ಕ್ಕೆ ಮುಂಚೆ ಯಾವ ಯಾವ ರಾಜ್ಯಕ್ಕೆ ಹೋಗುತ್ತೀಯ ಎಂದು ಮೊದಲೇ ಹೇಳಿ, ಒಂದೊಂದಕ್ಕೂ ಬೇರೆ ಶುಲ್ಕ ಕಟ್ಟಬೇಕಿತ್ತಂತೆ. ಈಗ ಇಡೀ ದೇಶಕ್ಕೆ ಒಂದೇ ಶುಲ್ಕ; 2012ರಲ್ಲಿ ಅದನ್ನು ವರ್ಷಕ್ಕೆ 16,500 ರೂಪಾಯಿ ಮಾಡಿದರು. ಪರ್ಮಿಟ್ಟಿನ ಆಯಸ್ಸು ಐದು ವರ್ಷ, ಅದರ ಆಥರೈಸೇಷನ್ನಿನ ಆಯಸ್ಸು ಒಂದೇ ವರ್ಷ. ಪರ್ಮಿಟ್ ಕೇಳುವುದು ಫಾರಂ 48ರಲ್ಲಿ, ಆಥರೈಸೇಷನ್ ಕೇಳುವುದು 46ರಲ್ಲಿ, ಅವರು ಕೊಡುವುದು 47ರಲ್ಲಿ. ಈ ಲೆಕ್ಕ ಹಿಂದುಮುಂದಾದದ್ದು ಯಾಕೆಂದು ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದ ನಾನೂ ಕೇಳಲಿಲ್ಲ. ಇಂಥದ್ದನ್ನು ಕೇಳಿದವರು ಬಡ್ತಿ ಪಡೆದದ್ದನ್ನು ನಾನು ಕಂಡಿಲ್ಲ.

ಕಾಗದ ಕೈಗೆ ಬಂದಾಗ ಭಾವಮೈದ ಅರ್ಧ ಭಾರತ ಗೆದ್ದವನಂತೆ ಕೂತಿದ್ದ. "ಭಾವ, ಇನ್ನು ಎಲ್ಲಿ ಬೇಕಾದ್ರೂ ಲೋಡ್ ಹಿಡೀಬಹುದು." ನಾನು ನಿಯಮ ಓದಿ ಹೇಳಿದೆ: "ಹಾಗಲ್ಲ. ಇಲ್ಲಿಂದ ಪುಣೆಗೆ ಒಯ್ಯಬಹುದು, ನಾಗಪುರದಿಂದ ಇಲ್ಲಿಗೆ ತರಬಹುದು. ಪುಣೆಯಲ್ಲಿ ಹತ್ತಿಸಿ ನಾಗಪುರದಲ್ಲಿ ಇಳಿಸೋ ಹಾಗಿಲ್ಲ. ಬೇರೆ ರಾಜ್ಯದ ಒಳಗಿನ ಲೋಡು ನಮಗಲ್ಲ." ಅವನು ಕಾಗದವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದ.

ನಿಜವಾದ ಜಗಳ ಆದದ್ದು ಇನ್ಶೂರೆನ್ಸಿನ ವಿಷಯಕ್ಕೆ. ಥರ್ಡ್ ಪಾರ್ಟಿ ಮಟ್ಟಿಗೆ ಚೌಕಾಸಿಯ ಪ್ರಶ್ನೆಯೇ ಇಲ್ಲ. ದರ ಸರ್ಕಾರವೇ ಗೊತ್ತು ಮಾಡುತ್ತದೆ. 2022ರ ಅಧಿಸೂಚನೆಯಂತೆ 20 ಟನ್ನು ದಾಟಿದ, 40 ಟನ್ನಿನೊಳಗಿನ ಲಾರಿಗೆ 43,950 ರೂಪಾಯಿ, ಮೇಲೆ ಜಿಎಸ್‌ಟಿ. ಮೊತ್ತ ಕೇಳಿ ನನ್ನ ಅತ್ತೆ ಒಳಗಿನಿಂದ ಎದ್ದು ಬಂದರು. ಮಲೆನಾಡಿನ ತೋಟಗಳ ಬೇಲಿಯ ಮೇಲೆ ನೀವು ನೋಡಿರುತ್ತೀರಿ, ಸಿಗಂದೂರು ಚೌಡೇಶ್ವರಿ ದೇವಿಯ ಕಾವಲಿದೆ, ಎಚ್ಚರಿಕೆ ಎಂಬ ಬೋರ್ಡು. ಅಂಥದ್ದೊಂದು ಲಾರಿಗೂ ಹಾಕಿದರೆ ಮುಗಿಯಿತಲ್ಲ ಎಂಬುದು ಅವರ ವಾದ. "ನಲವತ್ತು ವರ್ಷದಿಂದ ತೋಟದಾಗೆ ಒಂದು ಗೊನೆ ಕಳುವಾಗಿಲ್ಲ. ಅಮ್ಮ ಒಂದು ಪೈಸೆ ಕೇಳಲಿಲ್ಲ" ಎಂದರು. ಏಜೆಂಟ್ ಹುಡುಗ ಚುರುಕು. "ಅಜ್ಜಿ, ದೇವಿ ನಿಮ್ಮ ಲಾರೀನ ಕಾಯ್ತಾಳೆ. ಥರ್ಡ್ ಪಾರ್ಟಿ ಅಂದ್ರೆ ನಿಮ್ಮ ಲಾರಿಯಿಂದ ಬೇರೆಯೋರನ್ನ ಕಾಯೋದು" ಎಂದ. ಅತ್ತೆಗೆ ಇದು ಒಪ್ಪಿಗೆಯಾಯಿತು. ಮಗನ ಡ್ರೈವರನ್ನು ಅವರು ನೋಡಿದ್ದರು.

ಆಮೇಲೆ ಹುಡುಗ ಫಸ್ಟ್ ಪಾರ್ಟಿಗೆ ಬಂದ. ಲಾರಿಗೆ ಪೆಟ್ಟಾದರೆ ದುಡ್ಡು ಬರುತ್ತದೆ, ಆದರೆ ಐಎಂಟಿ 23 ಸೇರಿಸಿಕೊಳ್ಳಬೇಕು ಎಂದ. ಸೇರಿಸದಿದ್ದರೆ? ಅಲ್ಪಸ್ವಲ್ಪ ಪೆಟ್ಟಾದಾಗ ಲೈಟು, ಟೈರು, ಟ್ಯೂಬು, ಮಡ್ಗಾರ್ಡು, ಬಾನೆಟ್ಟಿನ ಪಕ್ಕದ ಭಾಗ, ಬಂಪರು, ಪೇಂಟು, ಇವಕ್ಕೆ ದುಡ್ಡು ಬರುವುದಿಲ್ಲ. ನಾನು ಅಂಗಳಕ್ಕೆ ಇಳಿದು ಲಾರಿಯನ್ನು ಒಂದು ಸುತ್ತು ಹಾಕಿದೆ. ಒಂಬತ್ತು ವರ್ಷದಲ್ಲಿ ಅದಕ್ಕೆ ಬಿದ್ದ ಪೆಟ್ಟೆಲ್ಲ ಲೈಟಿಗೆ, ಮಡ್ಗಾರ್ಡಿಗೆ, ಬಂಪರಿಗೆ, ಪೇಂಟಿಗೆ. ಈ ಪಟ್ಟಿ ಬರೆದವನು ಖಂಡಿತ ಯಾವುದೋ ಘಾಟಿಯ ತಿರುವಿನಲ್ಲಿ ಕೂತು ಬರೆದಿರಬೇಕು. ಲಾರಿ ಗುದ್ದುವುದು ಯಾವುದರಿಂದ, ಗಿಯರ್ ಬಾಕ್ಸಿನಿಂದಲೇ? ಹೆಚ್ಚಿನ ದುಡ್ಡು ಕೊಟ್ಟು ಐಎಂಟಿ 23 ಹಾಕಿಸಿದೆವು. ಬಂದರೂ ಆ ಭಾಗಗಳಿಗೆ ಅರ್ಧವೇ ಎಂಬುದನ್ನು ಹುಡುಗ ಚೆಕ್ಕು ಜೇಬಿಗೆ ಇಳಿಸಿದ ಮೇಲೆ ಹೇಳಿದ.

ದಾರಿಯಲ್ಲಿ ಯಾರಾದರೂ ಕೈ ಅಡ್ಡ ಹಾಕಿದರೆ ಕ್ಯಾಬಿನ್ನಿಗೆ ಹತ್ತಿಸಿಕೊಳ್ಳುವುದು ನಮ್ಮ ಕಡೆಯ ಪದ್ಧತಿ. ಸರಕು ಗಾಡಿಯಲ್ಲಿ ಹೀಗೆ ಪುಕ್ಕಟೆ ಕೂತವರ ಜವಾಬ್ದಾರಿ ವಿಮಾ ಕಂಪನಿಯದಲ್ಲ ಎಂದು 2003ರಲ್ಲೇ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಪರ್ಮಿಟ್ಟಿಲ್ಲದೆ ಓಡಿಸಿ ಅಪಘಾತವಾದರೆ ಕಂಪನಿ ಪರಿಹಾರ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಲಿ ಎಂದು 2018ರಲ್ಲಿ ಇನ್ನೊಂದು. ಅಂದರೆ ತೋಟ ಹೋಗುತ್ತದೆ. ಇದನ್ನು ಓದಿ ಹೇಳಿದ ಮೇಲೆ ಭಾವಮೈದ ಸ್ವಂತ ತಮ್ಮನನ್ನೂ ಲಾರಿ ಹತ್ತಿಸುತ್ತಿಲ್ಲ.

ಬೋರ್ಡೂ ಬಂತು, ಕ್ಯಾಬಿನ್ನಿನ ಮುಂದೆ, ನಿಂಬೆಹಣ್ಣಿನ ಸರದ ಮೇಲೆ. ಅದಕ್ಕೆ ನವೀಕರಣದ ತಾರೀಖಿಲ್ಲ, ಫಾರಂ ಇಲ್ಲ. ಅತ್ತೆ ಬಂದವರಿಗೆಲ್ಲ ಅದನ್ನೇ ತೋರಿಸುತ್ತಾರೆ.

ಲಾರಿ ಇಂದೋರಿಗೆ ಹೋಗಿದೆ, ಬರುವಾಗ ಖಾಲಿ ಬಂದರೆ ಡೀಸೆಲ್ಲಿಗೂ ಗಿಟ್ಟುವುದಿಲ್ಲ. ನಿಮ್ಮಲ್ಲಿ ಯಾರಿಗಾದರೂ ಆ ಕಡೆಯಿಂದ ಸರಕು ತರಿಸುವುದಿದ್ದರೆ ದಯವಿಟ್ಟು ಹೇಳಿ. ಪುಣೆಯಲ್ಲಿ ಹತ್ತಿಸಿ ನಾಗಪುರದಲ್ಲಿ ಇಳಿಸಿ ಅಂತ ಮಾತ್ರ ಹೇಳಬೇಡಿ. ಅದಕ್ಕೆ ನಮಗೆ ಪರ್ಮಿಟ್ಟಿಲ್ಲ.