ಮಾರ್ಜಾಲಕೇಶ ಮೀಮಾಂಸೆ

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬುದನ್ನು ಪೂರ್ವಸೂರಿಗಳು ಸಾಕಷ್ಟು ಚರ್ಚಿಸಿದ್ದಾರೆ. ಬೆಕ್ಕಿನ ಮೈಮೇಲೆ ತಾನಾಗಿ ಕಟ್ಟಿಕೊಂಡ ಗಂಟನ್ನು ಬಿಡಿಸುವವರು ಯಾರು ಎಂಬ ಬಗ್ಗೆ ಮಾತ್ರ ಶಾಸ್ತ್ರಗಳು ತುಟಿ ಪಿಟಕ್ಕೆನ್ನುವುದಿಲ್ಲ. ಆ ಕೊರತೆಯನ್ನು ನೀಗಲು ಈ ಕಿರುಪ್ರಯತ್ನ.

ಮೊದಲು ಅಧಿಕಾರಿನಿರ್ಣಯ. ಗಿಡ್ಡ ಕೂದಲಿನ ನಾಟಿ ಬೆಕ್ಕು ಸಾಕಿದವರಿಗೆ ಈ ಶಾಸ್ತ್ರದಲ್ಲಿ ಪ್ರವೇಶವಿಲ್ಲ. ಅದರ ಬಾಚಣಿಗೆ ಅದರ ಬಾಯಲ್ಲೇ ಇದೆ. ನಾಲಿಗೆಯ ಮುಳ್ಳುಗಳ ತುದಿ ಟೊಳ್ಳಾಗಿದ್ದು, ಎಂಜಲನ್ನು ಕೂದಲ ಬುಡದವರೆಗೆ ಒಯ್ಯುತ್ತವೆಂದು 2018ರಲ್ಲಿ ಅಮೆರಿಕದ ಸಂಶೋಧಕರು ಸಾಧಿಸಿದರು. ಪರ್ಷಿಯನ್ ಬೆಕ್ಕಿನ ದಟ್ಟ ನೀಳಕೂದಲಿನಲ್ಲಿ ಮಾತ್ರ ಆ ಮುಳ್ಳು ಚರ್ಮ ಮುಟ್ಟದೆಂದೂ ಅವರೇ ಕಂಡುಕೊಂಡರು. ನಿಸರ್ಗ ಕೈಬಿಟ್ಟ ಈ ಹುದ್ದೆಗೆ ಮನುಷ್ಯನ ನೇಮಕವಾಗಿದೆ; ಸಂಬಳದ ಉಲ್ಲೇಖ ಎಲ್ಲೂ ಇಲ್ಲ.

ಇನ್ನು ಇತಿಹಾಸ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1620ರಲ್ಲಿ ಪರ್ಷಿಯಾದಿಂದ ಬರೆದ ಪತ್ರದಲ್ಲಿ ಖೊರಾಸಾನದ ನೀಳಕೂದಲ ಬೆಕ್ಕುಗಳನ್ನು ಹೊಗಳಿ, ಅವನ್ನು ರೋಮಿಗೆ ಒಯ್ಯುವ ಆಸೆ ತೋಡಿಕೊಂಡಿದ್ದಾನೆ. ಇದೇ ಮಹಾಶಯ 1623ರಲ್ಲಿ ಇಕ್ಕೇರಿಗೆ ಬಂದು ಕೆಳದಿಯ ದೊರೆ ವೆಂಕಟಪ್ಪ ನಾಯಕನನ್ನು ಕಂಡ, ಉಳ್ಳಾಲದ ರಾಣಿಯನ್ನೂ ಮಾತನಾಡಿಸಿದ. ಮರಳಿನ ಮೇಲೆ ಬರೆದು ಮಗ್ಗಿ ಕಲಿಯುತ್ತಿದ್ದ ಹುಡುಗರನ್ನೂ ಅವನು ಬಿಟ್ಟಿಲ್ಲ, ಅವನನ್ನು ನಮ್ಮ ಇತಿಹಾಸಕಾರರೂ ಬಿಟ್ಟಿಲ್ಲ. ಆದರೆ ಆ ಬೆಕ್ಕುಗಳನ್ನು ದಿನಾ ಬಾಚುತ್ತಿದ್ದವರು ಯಾರು ಎಂದು ಯಾರಾದರೂ ಕೇಳಿದ್ದಾರೆಯೇ? ಕೆಳದಿ ಸಂಶೋಧನೆಯಲ್ಲಿ ಇದೊಂದು ದೊಡ್ಡ ಕಂದಕ.

ದರ್ಶನದ ವಿಚಾರಕ್ಕೆ ಬರೋಣ. ತಾಯಿ ಕಚ್ಚಿಕೊಂಡು ಹೋದಲ್ಲಿಗೆ ಹೋಗುವ ಬೆಕ್ಕಿನ ಮರಿಯಂತೆ ಸುಮ್ಮನೆ ದೇವರಿಗೆ ಶರಣಾಗಬೇಕೆಂದು ಶ್ರೀವೈಷ್ಣವರಲ್ಲಿ ತೆಂಗಲೆಯವರು. ಕೋತಿಮರಿಯಂತೆ ತಾನೂ ಬಿಗಿಯಾಗಿ ಹಿಡಿದುಕೊಳ್ಳಬೇಕೆಂದು ವಡಗಲೆಯವರು. ಮಾರ್ಜಾಲನ್ಯಾಯಕ್ಕೆ ಹೆಸರು ಕೊಟ್ಟ ಪ್ರಾಣಿಯೇ ಬಾಚಣಿಗೆ ಕಂಡೊಡನೆ ವಡಗಲೆ ಸೇರಿ, ಕಿಟಕಿಯ ಪರದೆಯನ್ನೋ ಬಾಚುವವರ ಹೆಗಲನ್ನೋ ನಾಲ್ಕೂ ಕಾಲಿನಿಂದ ತಬ್ಬಿಕೊಳ್ಳುತ್ತದೆ. ಮೇಲುಕೋಟೆಯ ವಿದ್ವಾಂಸರು ಇದನ್ನು ಗಮನಿಸಬೇಕಾಗಿ ಪ್ರಾರ್ಥನೆ.

ಪ್ರಯೋಗಭಾಗದಲ್ಲಿ ಮತಭೇದ ತೀವ್ರ. ಮೊದಲು ಸ್ನಾನ ಮಾಡಿಸಿದರೆ ಸಿಕ್ಕು ತಾನೇ ಬಿಡುತ್ತದೆಂಬುದು ಒಂದು ಪೂರ್ವಪಕ್ಷ. ತಪ್ಪು, ನೀರು ಬಿದ್ದ ಸಿಕ್ಕು ಇನ್ನೂ ಬಿಗಿದು ಕಂಬಳಿಯಾಗುತ್ತದೆ. ಕತ್ತರಿಯಿಂದ ಕಚಕ್ಕನೆ ಮುಗಿಸೋಣವೆಂಬುದು ಇನ್ನೊಂದು. ಇದು ಬರೀ ತಪ್ಪಲ್ಲ, ಅಪಾಯ: ಬೆಕ್ಕಿನ ತೆಳು ಚರ್ಮ ಗಂಟಿನ ಜೊತೆಗೇ ಮೇಲೆದ್ದು ಬರುತ್ತದೆ, ಕತ್ತರಿಗೆ ಕೂದಲು ಯಾವುದು ತೊಗಲು ಯಾವುದೆಂಬ ವಿವೇಕವಿಲ್ಲ. ಎಣ್ಣೆ ಹಚ್ಚಿ ಬಾಚಿ ಎಂಬ ಅಜ್ಜಿಮತವೂ ಉಂಟು. ಹಚ್ಚಿದ ಎಣ್ಣೆ ನೆಕ್ಕಿದಷ್ಟು ಬೆಕ್ಕಿನ ಹೊಟ್ಟೆಗೂ ಮಿಕ್ಕಿದ್ದು ಸೋಫಾಕ್ಕೂ ಸೇರುವುದರಿಂದ ಅಗ್ರಾಹ್ಯ. ಸಿದ್ಧಾಂತ ಹೀಗಿದೆ: ಉಂಡು ತೂಕಡಿಸುವ ಹೊತ್ತು ನೋಡಿ, ಗಂಟಿನ ಬುಡವನ್ನು ಚರ್ಮ ಎಳೆಯದಂತೆ ಬೆರಳಲ್ಲಿ ಹಿಡಿದು, ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ, ಅಗಲ ಹಲ್ಲಿನ ಉಕ್ಕಿನ ಬಾಚಣಿಗೆಯಿಂದ ತುದಿಯಿಂದ ಶುರುಮಾಡಿ ಬುಡದತ್ತ ಬರಬೇಕು. ಎರಡು ಜಡೆ ಹಾಕಿಸಿಕೊಂಡು ಶಾಲೆಗೆ ಹೋದವರಿಗೆ ಇದಕ್ಕೆ ಭಾಷ್ಯ ಬೇಕಿಲ್ಲ. ಕಿವಿಯ ಹಿಂಭಾಗ, ಕಂಕುಳು, ಬಾಲದ ಬುಡ, ಇವು ಸಿಕ್ಕಿನ ಕ್ಷೇತ್ರಗಳು. ಹಠ ಹಿಡಿದ ಗಂಟು ಪಶುವೈದ್ಯರ ಪಾಲು. ಫಲಶ್ರುತಿ: ದಿನಾ ಬಾಚಿದರೆ ನುಂಗಿದ ಕೂದಲ ಉಂಡೆ ನಡುರಾತ್ರಿ ಹಾಸಿಗೆಯ ಮೇಲೆ ಪ್ರತ್ಯಕ್ಷವಾಗುವುದು ಕಡಿಮೆಯಾಗುತ್ತದೆ. ತಪ್ಪಿಯೇ ಹೋಗುತ್ತದೆಂದು ಶಾಸ್ತ್ರ ಮಾತು ಕೊಡುವುದಿಲ್ಲ.

ಉಳಿದದ್ದು ಉದರಪ್ರಕರಣ. ಬೆಕ್ಕು ಅಂಗಾತ ಮಲಗಿ ಹೊಟ್ಟೆ ತೋರಿಸಿದರೆ ಅದು ಅನುಮತಿಯೆಂದು ಅನೇಕ ವ್ಯಾಖ್ಯಾನಕಾರರು ಬಗೆದಿದ್ದಾರೆ. ಅವರ ವ್ಯಾಖ್ಯಾನಗಳು ಪೂರ್ತಿಯಾಗಿ ಉಳಿದುಬಂದಿಲ್ಲ. ದೊರೆತಿರುವ ಒಂದೇ ಪ್ರತಿಯಲ್ಲಿ, ಬಾಚಣಿಗೆಯನ್ನು ಮೆಲ್ಲನೆ ಹೊಟ್ಟೆಯ ಮೇಲೆ ಎಂಬಲ್ಲಿಗೆ ಪಾಠ ತುಂಡಾಗಿ, ಮುಂದೆ ನಾಲ್ಕು ಸಮಾನಾಂತರ ಗೀರುಗಳಿವೆ. ಅವು ಲಿಪಿಕಾರನ ಪ್ರಮಾದವೆಂದು ಒಂದು ಪಕ್ಷ, ಮೂಲಕರ್ತೃವಿನ ಸಹಿಯೆಂದು ಇನ್ನೊಂದು.